8 ಡಿಸ್ಕ್, ಒಂದೇ ಲಾಜಿಕಲ್ ಡ್ರೈವ್: ರೇಡ್ 5 ಸಾಕೇ? ಹೇಗೆ ಹಂಚಿಕೊಳ್ಳಲಿ?

ಪುಟ್ಟಸರ್ವರ್ · ಸೋಮವಾರ, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ಕಚೇರಿಗೆ ಹೊಸ ಸರ್ವರ್ ಬಂದಿದೆ, ಹೊಂದಿಸುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಎರಡು ಡಿಸ್ಕಿನ ಮಿರರ್ (ಒಂದರ ನಕಲು ಇನ್ನೊಂದರಲ್ಲಿ) ಬಿಟ್ಟರೆ ಇದುವರೆಗೆ ರೇಡ್ (ಹಲವು ಡಿಸ್ಕನ್ನು ಒಂದಾಗಿ ಬಳಸುವ ವಿಧಾನ) ಮುಟ್ಟಿದವನಲ್ಲ.

ಪೆಟ್ಟಿಗೆಯ ಮುಂಭಾಗದಲ್ಲಿ 12 ಬೇ (ಡಿಸ್ಕ್ ಹಾಕುವ ಗೂಡು) ಇವೆ, ಅವುಗಳಲ್ಲಿ 8 ಟಿಬಿಯ 8 ಡಿಸ್ಕ್ ಹಾಕಿ ಕಳಿಸಿದ್ದಾರೆ. ಪ್ರತ್ಯೇಕ ರೇಡ್ ಕಾರ್ಡ್ ಇದೆ, ಬ್ಯಾಟರಿ ಇರುವ 2 ಜಿಬಿ ಕ್ಯಾಶ್ (ತಾತ್ಕಾಲಿಕ ಮೆಮೊರಿ). ಇದರ ಮೇಲೆ ಇಡಬೇಕಾದದ್ದು ಮೂರು: ಹಳೆಯ ಕಡತಗಳ ಸ್ಕ್ಯಾನ್ ಪ್ರತಿಗಳು (ಈಗಲೇ 19 ಟಿಬಿ ಆಗಿದೆ), ಲೆಕ್ಕಪತ್ರದ ಒಂದು ಡೇಟಾಬೇಸ್, ಮತ್ತು ಅವೆರಡರ ರಾತ್ರಿ ಬ್ಯಾಕಪ್.

ನಿನ್ನೆ 8 ಡಿಸ್ಕನ್ನೂ ಸೇರಿಸಿ ರೇಡ್ 5 ಮಾಡಿ ಒಂದೇ ಲಾಜಿಕಲ್ ಡ್ರೈವ್ (ಓಎಸ್‌ಗೆ ಒಂದೇ ಡಿಸ್ಕಿನಂತೆ ಕಾಣುವುದು) ಮಾಡಿದೆ. ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಕೆಟ್ಟ ಡಿಸ್ಕಿನ ಡೇಟಾವನ್ನು ಲೆಕ್ಕ ಹಾಕಿ ತೆಗೆಯಲು ಇಡುವ ಮಾಹಿತಿ) ಹೋಗಿ 56 ಟಿಬಿ ಬರಬೇಕಿತ್ತು, ಕಾರ್ಡ್ 50.9 ಅಂತ ತೋರಿಸಿತು. ಓಎಸ್ ಹಾಕಲು ಹೋದರೆ 2 ಟಿಬಿಗಿಂತ ಮುಂದಕ್ಕೆ ಜಾಗ ಬಳಸಲು ಬಿಡುತ್ತಲೇ ಇಲ್ಲ. ಸ್ಟ್ರೈಪ್ ಸೈಜ್, ರೀಡ್ ಪಾಲಿಸಿ, ರೈಟ್ ಪಾಲಿಸಿ, ಡಿಸ್ಕ್ ಕ್ಯಾಶ್, ಇನಿಶಿಯಲೈಸೇಶನ್ ಅಂತ ಒಂದಿಷ್ಟು ಕೇಳಿತು, ಎಲ್ಲಕ್ಕೂ ಇದ್ದದ್ದನ್ನೇ ಬಿಟ್ಟು ಮುಂದೆ ಹೋದೆ. ಎಲ್ಲಿ ತಪ್ಪಿದೆ ಹೇಳಿ.

ರಾತ್ರಿಪಾಳಿ · ಸೋಮವಾರ, ಬೆಳಿಗ್ಗೆ 11:05

ಡೇಟಾ ಇನ್ನೂ ಹಾಕಿಲ್ಲ ತಾನೇ? ಹಾಕಬೇಡಿ. ಈಗ ಅಳಿಸಿ ಹೊಸದಾಗಿ ಮಾಡಿದರೆ ಹತ್ತು ನಿಮಿಷದ ಕೆಲಸ, 19 ಟಿಬಿ ತುಂಬಿದ ಮೇಲೆ ವಾರಗಟ್ಟಲೆ ಆಗುತ್ತದೆ.

ಮೊದಲು ಸುಲಭದ ಎರಡು. ಡಿಸ್ಕ್ ಮಾಡುವವರು 1000ರ ಲೆಕ್ಕದಲ್ಲಿ ಟಿಬಿ ಅಳೆಯುತ್ತಾರೆ, ಕಾರ್ಡ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. 8 ಟಿಬಿ ಡಿಸ್ಕ್ ಅಲ್ಲಿ 7.28 ಆಗುತ್ತದೆ, ಏಳರಿಂದ ಗುಣಿಸಿದರೆ ನಿಮ್ಮ 50.9 ಬಂತು. ಏನೂ ಕಳೆದುಹೋಗಿಲ್ಲ.

2 ಟಿಬಿ ಗೋಡೆಗೆ ಕಾರಣ ಹಳೆಯ ಎಂಬಿಆರ್ ಪಾರ್ಟಿಶನ್ ಟೇಬಲ್. ಅದು ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ನಲ್ಲಿ ಬರೆದಿಡುತ್ತದೆ. 512 ಬೈಟಿನ ಸೆಕ್ಟರ್ ಆದರೆ 2 ಟಿಬಿ ದಾಟಿ ಎಣಿಸುವುದಕ್ಕೆ ಅದಕ್ಕೆ ಬರುವುದಿಲ್ಲ. ಸರ್ವರ್ ಹಳೆಯ ಬಯಾಸ್ ಮೋಡ್‌ನಲ್ಲಿ ಬೂಟ್ ಆಗುತ್ತಿರಬೇಕು. ಹೊಸ ಬೂಟ್ ಮೋಡ್ ಆದ ಯುಇಎಫ್ಐಗೆ ಬದಲಿಸಿ, ಡಿಸ್ಕಿಗೆ ಜಿಪಿಟಿ ಅನ್ನುವ ಹೊಸ ಬಗೆಯ ಪಾರ್ಟಿಶನ್ ಟೇಬಲ್ ಹಾಕಿ. ಆದರೂ ಓಎಸ್ ಅನ್ನು ಅಷ್ಟು ದೊಡ್ಡ ಲಾಜಿಕಲ್ ಡ್ರೈವ್ ಮೇಲೆ ಇಡುವುದು ನನಗೆ ಇಷ್ಟವಿಲ್ಲ. ಅದಕ್ಕೆ ಆಮೇಲೆ ಬರೋಣ.

ಈಗ ಮುಖ್ಯ ವಿಷಯ. 8 ಟಿಬಿಯ 8 ಡಿಸ್ಕಿಗೆ ರೇಡ್ 5 ಬೇಡ. ಒಂದು ಡಿಸ್ಕ್ ಹೋದ ದಿನದಿಂದ ಹಿಂದಕ್ಕೆ ಯೋಚಿಸಿ. ಹೊಸ ಡಿಸ್ಕ್ ಹಾಕಿದಿರಿ, ರೀಬಿಲ್ಡ್ (ಹೋದ ಡಿಸ್ಕಿನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವುದು) ಶುರುವಾಯಿತು. ಸೆಕೆಂಡಿಗೆ 180 ಎಂಬಿ ವೇಗದಲ್ಲಿ ನಿಲ್ಲದೆ ಬರೆದರೂ 8 ಟಿಬಿಗೆ 12 ಗಂಟೆ ಮೇಲೆ ಬೇಕು. ನಿಜವಾಗಿ ಹಾಗಾಗುವುದಿಲ್ಲ, ಜನ ಫೈಲ್ ತೆಗೆಯುತ್ತಿರುತ್ತಾರೆ, ಕಾರ್ಡ್ ರೀಬಿಲ್ಡ್‌ಗೆ ತನ್ನ ಶಕ್ತಿಯ ಒಂದು ಪಾಲನ್ನಷ್ಟೇ ಕೊಡುತ್ತದೆ (ಹಲವು ಕಾರ್ಡ್‌ಗಳಲ್ಲಿ ರೀಬಿಲ್ಡ್ ರೇಟ್ 30% ಅಂತ ಇರುತ್ತದೆ). ಒಂದು ದಿನ, ಒಂದೂವರೆ ದಿನ ಅಂತ ಇಟ್ಟುಕೊಳ್ಳಿ. ಆ ಅಷ್ಟೂ ಹೊತ್ತು ಉಳಿದ 7 ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು, ಒಟ್ಟು 56 ಟಿಬಿ. ಅದರಲ್ಲಿ ಒಂದು ಸೆಕ್ಟರ್ ಓದಲಾಗದಿದ್ದರೂ ಆ ಪಟ್ಟಿಯನ್ನು (ಸ್ಟ್ರೈಪ್, ಎಲ್ಲ ಡಿಸ್ಕುಗಳ ಮೇಲೆ ಹರಡಿದ ಡೇಟಾದ ಒಂದು ಸಾಲು) ಲೆಕ್ಕ ಹಾಕಿ ತೆಗೆಯಲು ರೇಡ್ 5ರಲ್ಲಿ ಬೇರೆ ಆಧಾರವೇ ಇಲ್ಲ.

ರೇಡ್ 6 ಮಾಡಿ. ಎರಡು ಪ್ಯಾರಿಟಿ, 6 ಡಿಸ್ಕಿನಷ್ಟು ಜಾಗ, 48 ಟಿಬಿ. 19 ಟಿಬಿ ಇರುವವರಿಗೆ ಧಾರಾಳ ಸಾಕು. ಇನ್ನೊಂದು ಡಿಸ್ಕ್ ತರಿಸಿ ಒಂಬತ್ತನೇ ಬೇಯಲ್ಲಿ ಹಾಟ್ ಸ್ಪೇರ್ (ಒಂದು ಕೆಟ್ಟರೆ ತಾನಾಗಿ ಅದರ ಜಾಗಕ್ಕೆ ಬರುವ ಡಿಸ್ಕ್) ಮಾಡಿ.

ತೆರೆದಕಿಟಕಿ · ಸೋಮವಾರ, ಮಧ್ಯಾಹ್ನ 12:40

ರಾತ್ರಿಪಾಳಿ ಸರ್ ಹೇಳಿದ ಓದಲಾಗದ ಸೆಕ್ಟರ್ ವಿಷಯಕ್ಕೆ ಅಂಕಿ ಸೇರಿಸುತ್ತೇನೆ. ಡೆಸ್ಕ್‌ಟಾಪ್ ಡಿಸ್ಕಿನ ವಿವರಪಟ್ಟಿಯಲ್ಲಿ ಸಾಮಾನ್ಯವಾಗಿ 10ರ 14ನೇ ಘಾತದಷ್ಟು ಬಿಟ್ ಓದಿದರೆ ಒಂದು ದೋಷ ಅಂತ ಬರೆದಿರುತ್ತಾರೆ, ಅಂದರೆ 12.5 ಟಿಬಿಗೆ ಒಂದು. ಸರ್ವರ್ ಡಿಸ್ಕಿಗೆ 15ನೇ ಘಾತ, 125 ಟಿಬಿಗೆ ಒಂದು. ಇದು ತಯಾರಕರು ಇದಕ್ಕಿಂತ ಕೆಟ್ಟದಾಗದು ಅಂತ ಕೊಡುವ ಮಿತಿ, ಬಹಳಷ್ಟು ಡಿಸ್ಕುಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ನಡೆಯುತ್ತವೆ. ಹಾಗಾಗಿ 12.5 ಟಿಬಿ ದಾಟಿದರೆ ರೇಡ್ 5 ಖಂಡಿತ ಸಾಯುತ್ತದೆ ಅನ್ನುವವರ ಮಾತು ನಂಬಬೇಡಿ. ಆದರೂ ಬೇರೆ ಆಧಾರ ಇಲ್ಲದೆ 56 ಟಿಬಿ ಓದುವುದು ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ ಇದೆ.

ಡಿಸ್ಕುಗಳು ಯಾವ ಬಗೆಯವು ಅಂತ ದಯವಿಟ್ಟು ನೋಡಿ. ಡೆಸ್ಕ್‌ಟಾಪ್ ಡಿಸ್ಕ್ ಒಂದು ಸೆಕ್ಟರ್ ಓದಲಾಗದಿದ್ದರೆ ಪಟ್ಟು ಬಿಡದೆ ಪ್ರಯತ್ನಿಸುತ್ತಲೇ ಇರುತ್ತದೆ. ಅಷ್ಟರಲ್ಲಿ ಡಿಸ್ಕ್ ಉತ್ತರ ಕೊಡುತ್ತಿಲ್ಲ ಅಂತ ಕಾರ್ಡ್ ಅದನ್ನು ಹೊರಗೆ ಹಾಕಿಬಿಡುತ್ತದೆ. ಸರ್ವರ್ ಡಿಸ್ಕ್ 7 ಸೆಕೆಂಡಿನಷ್ಟರಲ್ಲಿ ಕೈಬಿಟ್ಟು ದೋಷ ಅಂತ ಹೇಳುತ್ತದೆ, ಕಾರ್ಡ್ ಪ್ಯಾರಿಟಿಯಿಂದ ತೆಗೆದು ಅಲ್ಲಿಗೇ ಮತ್ತೆ ಬರೆಯುತ್ತದೆ. ಎಸ್ಎಂಆರ್ ಬಗೆಯ (ಪಥಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ) ಡಿಸ್ಕ್ ಇದ್ದರಂತೂ ವಾಪಸ್ ಕಳಿಸಿ. ರೀಬಿಲ್ಡ್‌ನಂಥ ಎಡೆಬಿಡದ ಬರವಣಿಗೆಗೆ ಅವುಗಳ ವೇಗ ಕುಸಿದುಬೀಳುತ್ತದೆ. 2020ರಲ್ಲಿ ನ್ಯಾಸ್‌ಗೆಂದೇ (ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಗೆಂದೇ) ಮಾರುತ್ತಿದ್ದ ಕೆಲವು ಡಿಸ್ಕುಗಳೊಳಗೂ ಎಸ್ಎಂಆರ್ ಇದೆ ಅಂತ ಗೊತ್ತಾಗಿ ದೊಡ್ಡ ಗಲಾಟೆಯೇ ಆಗಿತ್ತು.

ಕಾರ್ಡ್ ಬಿಟ್ಟು ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಅಥವಾ ಜೆಡ್ಎಫ್ಎಸ್ (ರೇಡ್ ಕೆಲಸವನ್ನೂ ತಾನೇ ಮಾಡುವ ಫೈಲ್‌ಸಿಸ್ಟಮ್) ಬಳಸುವ ಯೋಚನೆ ಇದೆಯೇ? ಕಾರ್ಡ್ ಸುಟ್ಟರೂ ಡಿಸ್ಕುಗಳನ್ನು ಬೇರೆ ಯಾವುದೇ ಯಂತ್ರಕ್ಕೆ ಹಾಕಿ ಎಬ್ಬಿಸಬಹುದು.

ಪುಟ್ಟಸರ್ವರ್ · ಸೋಮವಾರ, ಮಧ್ಯಾಹ್ನ 2:15

ಇಬ್ಬರಿಗೂ ಧನ್ಯವಾದ. ಡಿಸ್ಕ್ ಸರ್ವರ್‌ನವೇ, ಚೀಟಿ ನೋಡಿದೆ, ಎಸ್ಎಂಆರ್ ಅಲ್ಲ. ಕಾರ್ಡನ್ನೇ ಬಳಸಬೇಕು ಅಂತ ಮೇಲಿನವರ ಮಾತು, ಹಾಗಾಗಿ ಅದರಲ್ಲೇ ಮುಂದುವರಿಯುತ್ತೇನೆ. ರೇಡ್ 6ಕ್ಕೆ ಒಪ್ಪಿದೆ.

ಈಗ ಹಂಚಿಕೆಯ ಪ್ರಶ್ನೆ. ಒಂದೇ ಅರೇ (ಡಿಸ್ಕುಗಳ ಗುಂಪು) ಮೇಲೆ ಮೂರು ಲಾಜಿಕಲ್ ಡ್ರೈವ್ ಮಾಡಲೇ? ಓಎಸ್ ಮತ್ತು ಡೇಟಾಬೇಸ್‌ಗೆ 1 ಟಿಬಿ, ಕಡತಗಳಿಗೆ 30, ಬ್ಯಾಕಪ್‌ಗೆ ಉಳಿದದ್ದು. ಒಂದು ಕಡೆ ಲಾಜಿಕಲ್ ಡ್ರೈವ್ ಅಂದರೆ ಡಿಸ್ಕುಗಳ ಗುಂಪು ಅಂತ ಓದಿದೆ, ಇನ್ನೊಂದು ಕಡೆ ಗುಂಪಿನಿಂದ ಕತ್ತರಿಸಿದ ತುಂಡು ಅಂತ ಇದೆ. ಯಾವುದು ಸರಿ?

ನೂಲೆಳೆ · ಸೋಮವಾರ, ಮಧ್ಯಾಹ್ನ 3:30

ಎರಡೂ ಸರಿ, ತಯಾರಕರ ಮೇಲೆ ಹೋಗುತ್ತದೆ. ಎಚ್‌ಪಿಯ ಸ್ಮಾರ್ಟ್ ಅರೇಯಲ್ಲಿ ಡಿಸ್ಕುಗಳ ಗುಂಪಿಗೆ ಅರೇ ಅನ್ನುತ್ತಾರೆ, ಅದರಿಂದ ಕತ್ತರಿಸಿದ್ದು ಲಾಜಿಕಲ್ ಡ್ರೈವ್. ಅದನ್ನೇ ಡೆಲ್‌ನ ಪರ್ಕ್ ಕಾರ್ಡಿನಲ್ಲಿ ವರ್ಚುವಲ್ ಡಿಸ್ಕ್, ಮೆಗಾರೇಡ್‌ನಲ್ಲಿ ವರ್ಚುವಲ್ ಡ್ರೈವ್ ಅನ್ನುತ್ತಾರೆ. ಇನ್‌ಫಾರ್ಟ್ರೆಂಡ್ ಸ್ಟೋರೇಜ್ ಪೆಟ್ಟಿಗೆಗಳಲ್ಲಿ ಲಾಜಿಕಲ್ ಡ್ರೈವ್ ಅಂದರೆ ಡಿಸ್ಕುಗಳ ಗುಂಪೇ. ಅಂಥ ಗುಂಪುಗಳನ್ನು ಸೇರಿಸಿದರೆ ಲಾಜಿಕಲ್ ವಾಲ್ಯೂಮ್, ಅದನ್ನು ತುಂಡು ಮಾಡಿ ಸರ್ವರ್‌ಗೆ ಕೊಡುವಾಗ ಆ ತುಂಡಿಗೆ ಲನ್ ಅನ್ನುತ್ತಾರೆ. ವಿಂಡೋಸ್ ಹಳೆಯ ಪಾರ್ಟಿಶನ್ ಭಾಷೆಯಲ್ಲಿ ಈ ಹೆಸರಿಗೆ ಮೂರನೆಯ ಅರ್ಥವೇ ಇದೆ. ಕೈಪಿಡಿಯ ಮೊದಲ ಪುಟಗಳಲ್ಲಿ ನಿಮ್ಮ ಪೆಟ್ಟಿಗೆಯ ಅರ್ಥ ಯಾವುದು ಅಂತ ನೋಡಿಕೊಂಡೇ ಅಳಿಸು ಅನ್ನುವ ಬಟನ್ ಒತ್ತಿ. ಒಂದರಲ್ಲಿ ಅದು ಒಂದು ತುಂಡನ್ನು ಅಳಿಸುತ್ತದೆ, ಇನ್ನೊಂದರಲ್ಲಿ ಎಲ್ಲವನ್ನೂ.

ಇಂಥದ್ದೇ ಇನ್ನೊಂದು ವಿಷಯ, ನನ್ನ ಕೈಯಲ್ಲೇ ಆದದ್ದು. ಹೊರಗಿನ ಸ್ಟೋರೇಜ್ ಪೆಟ್ಟಿಗೆಯಲ್ಲಿ ಹೊಸ ಲಾಜಿಕಲ್ ಡ್ರೈವ್ ಮಾಡಿ ಐಸ್ಕಸಿ (ನೆಟ್‌ವರ್ಕ್ ಮೇಲೆ ಡಿಸ್ಕ್ ಕೊಡುವ ವಿಧಾನ) ಮೂಲಕ ಸರ್ವರ್‌ಗೆ ಕೊಡುತ್ತಿದ್ದೆ. ಮ್ಯಾಪ್ ಮಾಡುವಾಗ ಯಾವ ಸರ್ವರ್‌ಗೆ ಅಂತ ಆರಿಸದೆ ಎಲ್ಲರಿಗೂ ಅಂತ ಬಿಟ್ಟಿದ್ದೆ. ಪಕ್ಕದ ಸರ್ವರ್‌ಗೂ ಅದೇ ಲನ್ ಕಾಣಿಸಿತು. ಅಲ್ಲಿದ್ದ ಗೆಳೆಯರು ಹೊಸ ಡಿಸ್ಕ್ ಬಂದಿದೆ ಅಂತ ಮೌಂಟ್ ಮಾಡಿದರು. ಎರಡು ಸರ್ವರ್‌ಗಳು ಒಂದೇ ಸಾಮಾನ್ಯ ಫೈಲ್‌ಸಿಸ್ಟಮ್ ಮೇಲೆ, ಒಂದಕ್ಕೊಂದು ಗೊತ್ತಿಲ್ಲದೆ, ಎರಡು ಗಂಟೆ ಬರೆದವು. ಸಂಜೆ ಫೋಲ್ಡರ್ ಪಟ್ಟಿ ತೆಗೆದರೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು. ರೇಡ್ ಆರೋಗ್ಯವಾಗಿತ್ತು, ಎಲ್ಲ ದೀಪ ಹಸಿರು. ಒಳಗಿನದು ಹೋಗಿತ್ತು. ಹಿಂದಿನ ರಾತ್ರಿಯ ಟೇಪಿನಿಂದ ವಾಪಸ್ ತಂದೆವು. ಅಂದಿನಿಂದ ಲನ್ ಮಾಡಿದ ತಕ್ಷಣ ನಾನು ಮೊದಲು ನೋಡುವುದು ಮ್ಯಾಪಿಂಗ್ ಪಟ್ಟಿಯನ್ನೇ.

ರಾತ್ರಿಪಾಳಿ · ಸೋಮವಾರ, ರಾತ್ರಿ 9:50

ಪುಟ್ಟಸರ್ವರ್ ಅವರೇ, ಮೂರು ತುಂಡು ಮಾಡಬಹುದು, ಕಾರ್ಡ್ ಬೇಡ ಅನ್ನುವುದಿಲ್ಲ. ಆದರೆ ಆ ಮೂರೂ ಕೂತಿರುವುದು ಅದೇ 8 ಡಿಸ್ಕಿನ ಮೇಲೆ ಅನ್ನುವುದು ಮರೆಯಬಾರದು. ಮೂರು ಡಿಸ್ಕ್ ಹೋದರೆ ಮೂರು ತುಂಡೂ ಒಟ್ಟಿಗೇ ಹೋಗುತ್ತವೆ. ಕಡತಗಳ ಪಕ್ಕದ ತುಂಡಿನಲ್ಲಿ ಇಟ್ಟ ಬ್ಯಾಕಪ್ ಆ ದಿನ ಇರುವುದಿಲ್ಲ. ಬ್ಯಾಕಪ್ ಬೇರೆ ಯಂತ್ರಕ್ಕೆ ಹೋಗಲಿ, ಸಾಧ್ಯವಾದರೆ ಬೇರೆ ಕಟ್ಟಡಕ್ಕೆ. ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ವೇಗದ ಲೆಕ್ಕವೂ ಹಾಗೇ. ಸ್ಕ್ಯಾನ್ ಪ್ರತಿಗಳನ್ನು ಒಬ್ಬರು ಎಳೆಯುತ್ತಿದ್ದರೆ ಡೇಟಾಬೇಸ್ ತುಂಡಿನ ಓದಿಗೂ ಅದೇ ಹೆಡ್‌ಗಳು ಓಡಾಡಬೇಕು.

ಕೋಷ್ಟಕ · ಮಂಗಳವಾರ, ಬೆಳಿಗ್ಗೆ 8:30

ಡೇಟಾಬೇಸ್ ಕಡೆಯಿಂದ ನನ್ನ ಮಾತು: ರೇಡ್ 6 ಮೇಲೆ ಬೇಡ. ಡೇಟಾಬೇಸ್ ಬರೆಯುವುದು ಸಣ್ಣ ಸಣ್ಣ ತುಣುಕು, 8 ಕೆಬಿ, 16 ಕೆಬಿ. ಅಷ್ಟನ್ನು ಬದಲಿಸಲು ರೇಡ್ 6 ಹಳೆಯ ಡೇಟಾ ಮತ್ತು ಎರಡು ಹಳೆಯ ಪ್ಯಾರಿಟಿ ಓದಿ, ಮೂರನ್ನೂ ಹೊಸದಾಗಿ ಬರೆಯಬೇಕು. ಒಂದು ಬರವಣಿಗೆಗೆ 6 ಓಡಾಟ. ರೇಡ್ 5ಕ್ಕೆ 4, ಮಿರರ್‌ಗೆ 2. ಕಾರ್ಡಿನ ಕ್ಯಾಶ್ ಇದನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನ ಕ್ಯಾಶ್ ತುಂಬಿದ ಮೇಲೆ ನಿಜವಾದ ವೇಗ ಕಾಣುತ್ತದೆ.

ಎರಡು ಎಸ್ಎಸ್‌ಡಿ ಹಾಕಿ ರೇಡ್ 1 (ಮಿರರ್) ಮಾಡಿ, ಓಎಸ್ ಮತ್ತು ಡೇಟಾಬೇಸ್ ಅಲ್ಲಿರಲಿ. ಆ ಲಾಜಿಕಲ್ ಡ್ರೈವ್‌ಗೆ ರೀಡ್ ಅಹೆಡ್ (ಕೇಳುವ ಮೊದಲೇ ಮುಂದಿನ ಡೇಟಾ ಓದಿಡುವುದು) ಬೇಡ.

ಪುಟ್ಟಸರ್ವರ್ · ಮಂಗಳವಾರ, ಬೆಳಿಗ್ಗೆ 10:00

ಮೇಡಂ, ನೀವು ಹೇಳಿದ ಮೇಲೆ ಪೆಟ್ಟಿಗೆಯ ಹಿಂದೆ ಹೋಗಿ ನೋಡಿದೆ. ಸಣ್ಣ ಡಿಸ್ಕಿನ ಎರಡು ಬೇ ಖಾಲಿ ಇವೆ! ಎರಡು ಎಸ್ಎಸ್‌ಡಿ, ಒಂದು 8 ಟಿಬಿ ಸ್ಪೇರ್ ಕೇಳಿದ್ದೇನೆ, ಒಪ್ಪಿಗೆ ಸಿಕ್ಕಿತು. ಬ್ಯಾಕಪ್‌ಗೆ ಹಳೆಯ ಸರ್ವರ್ ಇನ್ನೊಂದು ಕಟ್ಟಡದಲ್ಲಿ ಉಳಿಯಲಿ ಅಂತಲೂ ತೀರ್ಮಾನವಾಯಿತು.

ಉಳಿದದ್ದು ಆ ಐದು ಆಯ್ಕೆಗಳು. ಒಂದೊಂದಾಗಿ ಹೇಳುತ್ತೀರಾ?

ರಾತ್ರಿಪಾಳಿ · ಮಂಗಳವಾರ, ರಾತ್ರಿ 10:30

ಸ್ಟ್ರೈಪ್ ಸೈಜ್: ಸ್ಕ್ಯಾನ್ ಪ್ರತಿಗಳು ದೊಡ್ಡ ಫೈಲ್, 256 ಕೆಬಿ ಇಡಿ. ಈ ಅಂಕಿ ಒಂದು ಡಿಸ್ಕಿಗೆ ಬೀಳುವ ತುಂಡಿನದು. 6 ಡೇಟಾ ಡಿಸ್ಕಿಗೆ ಪೂರ್ತಿ ಪಟ್ಟಿ 1.5 ಎಂಬಿ ಆಗುತ್ತದೆ. ಪೂರ್ತಿ ಪಟ್ಟಿ ಒಮ್ಮೆಗೇ ಬರೆದರೆ ಹಳೆಯದನ್ನು ಓದುವ ಕೆಲಸವೇ ಇಲ್ಲ, ಕೋಷ್ಟಕ ಮೇಡಂ ಹೇಳಿದ ಆ 6 ಓಡಾಟ ತಪ್ಪುತ್ತದೆ. ಎಕ್ಸ್ಎಫ್ಎಸ್ ಫೈಲ್‌ಸಿಸ್ಟಮ್ ಮಾಡುವಾಗ ತುಂಡು 256 ಕೆಬಿ, ಅಗಲ 6 ಅಂತ ಕೈಯಾರೆ ಹೇಳಿ. ಕಾರ್ಡಿನ ಹಿಂದೆ ಏನಿದೆ ಅಂತ ಅದಕ್ಕೆ ತಾನಾಗಿ ತಿಳಿಯುತ್ತದೆ ಅಂತ ನಂಬಿ ಕೂರಬೇಡಿ.

ಸ್ಕ್ಯಾನ್ ಪ್ರತಿಗಳ ಈ ಡ್ರೈವ್‌ಗೆ ರೀಡ್ ಅಹೆಡ್ ಇರಲಿ. ಡಿಸ್ಕಿನ ಒಳಗಿನ ಕ್ಯಾಶ್ ಮುಚ್ಚಿ. ಕಾರ್ಡಿನ ಬ್ಯಾಟರಿ ಕಾಯುವುದು ಕಾರ್ಡಿನ ಕ್ಯಾಶನ್ನು, ಡಿಸ್ಕಿನದನ್ನಲ್ಲ.

ರೈಟ್ ಪಾಲಿಸಿ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ರೈಟ್ ಬ್ಯಾಕ್ ಅಂದರೆ ಡೇಟಾ ಕ್ಯಾಶ್‌ಗೆ ಬಂದ ಕೂಡಲೇ ಕಾರ್ಡ್ ಓಎಸ್‌ಗೆ ಬರೆದಾಯಿತು ಅಂತ ಹೇಳಿಬಿಡುತ್ತದೆ. ರೈಟ್ ಥ್ರೂ ಅಂದರೆ ಡಿಸ್ಕಿಗೆ ಇಳಿದ ಮೇಲೆಯೇ ಹೇಳುತ್ತದೆ. ಮೊದಲನೆಯದು ಬಹಳ ವೇಗ, ಆದರೆ ಕರೆಂಟ್ ಹೋದರೆ ಕ್ಯಾಶ್‌ನಲ್ಲಿದ್ದದ್ದನ್ನು ಕಾಯಲು ಬ್ಯಾಟರಿ ಬೇಕು. ಬ್ಯಾಟರಿ ಚೆನ್ನಾಗಿದ್ದರೆ ರೈಟ್ ಬ್ಯಾಕ್, ಕೆಟ್ಟರೆ ತಾನಾಗಿ ರೈಟ್ ಥ್ರೂ: ಆ ಆಯ್ಕೆ ಹಾಕಿ. ಪಕ್ಕದಲ್ಲೇ ಬ್ಯಾಟರಿ ಏನೇ ಆಗಲಿ ರೈಟ್ ಬ್ಯಾಕ್ ಅನ್ನುವ ಆಯ್ಕೆಯೂ ಇರುತ್ತದೆ, ಅದನ್ನು ಮುಟ್ಟಬೇಡಿ.

ಇನಿಶಿಯಲೈಸೇಶನ್: ಫಾಸ್ಟ್ ಅಂದರೆ ಆರಂಭ ಮತ್ತು ಕೊನೆಯ ಸ್ವಲ್ಪ ಭಾಗವನ್ನು ಸೊನ್ನೆ ಮಾಡಿ ನಿಮಗೆ ಕೊಟ್ಟುಬಿಡುತ್ತದೆ, ಪ್ಯಾರಿಟಿ ಹೊಂದಿಸುವುದು ಆಮೇಲೆ ಹಿನ್ನೆಲೆಯಲ್ಲಿ ನಡೆಯುತ್ತದೆ. ಫುಲ್ ಅಂದರೆ ಮೊದಲಿನಿಂದ ಕೊನೆಯವರೆಗೆ ಬರೆಯುತ್ತದೆ, ದಿನ ಹಿಡಿಯುತ್ತದೆ. ನಿಮಗೆ ಅವಸರವಿಲ್ಲ, ಫುಲ್ ಮಾಡಿ. ದುರ್ಬಲ ಡಿಸ್ಕ್ ಇದ್ದರೆ ಡೇಟಾ ಹಾಕುವ ಮೊದಲೇ ಬಯಲಾಗುತ್ತದೆ.

ಇನ್ನೊಂದು ಸಲಹೆ. 48 ಟಿಬಿಯನ್ನೂ ಈಗಲೇ ಕೊಡಬೇಡಿ. 40ಕ್ಕೆ ಲಾಜಿಕಲ್ ಡ್ರೈವ್ ಮಾಡಿ ಉಳಿದ 8 ಅರೇಯಲ್ಲಿ ಖಾಲಿ ಬಿಡಿ. ಮುಂದೆ ಬೇಕಾದಾಗ ಹಿಗ್ಗಿಸಬಹುದು, ಎಕ್ಸ್ಎಫ್ಎಸ್ ಕೂಡ ಹಿಗ್ಗುತ್ತದೆ. ಕುಗ್ಗಿಸುವುದು ಮಾತ್ರ ಆಗದ ಮಾತು.

ಹಸಿರುದೀಪ · ಬುಧವಾರ, ಬೆಳಿಗ್ಗೆ 9:15

ರೈಟ್ ಪಾಲಿಸಿ ಬಗ್ಗೆ ಓದಿದ ಮೇಲೆ ನನ್ನ ಹಳೆಯ ಗೊಂದಲ ಕೇಳಲೇಬೇಕು ಅನ್ನಿಸಿತು. ನಮ್ಮ ಸರ್ವರ್ ಮೂರು ತಿಂಗಳಿಗೊಮ್ಮೆ ಒಂದು ದಿನ ಆಮೆಯಂತಾಗುತ್ತದೆ. ಸೆಕೆಂಡಿಗೆ 400 ಎಂಬಿ ಬರೆಯುವುದು 40ಕ್ಕೆ ಇಳಿಯುತ್ತದೆ. ಮರುದಿನ ಸರಿ. ಡಿಸ್ಕ್ ಬದಲಿಸಿದೆವು, ಕೇಬಲ್ ಬದಲಿಸಿದೆವು, ಏನೂ ಪ್ರಯೋಜನವಾಗಲಿಲ್ಲ.

ರಾತ್ರಿಪಾಳಿ · ಬುಧವಾರ, ಬೆಳಿಗ್ಗೆ 9:40

ಬ್ಯಾಟರಿಯ ಲರ್ನ್ ಸೈಕಲ್. ತನ್ನಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಅಂತ ಅಳೆಯಲು ಕಾರ್ಡ್ ಬ್ಯಾಟರಿಯನ್ನು ಖಾಲಿ ಮಾಡಿ ಮತ್ತೆ ತುಂಬಿಸುತ್ತದೆ. ಆ ಹೊತ್ತಿನಲ್ಲಿ ಕ್ಯಾಶ್ ಕಾಯಲು ಬ್ಯಾಟರಿ ಇಲ್ಲ, ಹಾಗಾಗಿ ರೈಟ್ ಥ್ರೂಗೆ ಇಳಿಯುತ್ತದೆ. ಕಾರ್ಡಿನ ಈವೆಂಟ್ ಲಾಗ್‌ನಲ್ಲಿ ಆ ದಿನಾಂಕ ನೋಡಿ. ರಜೆಯ ದಿನಕ್ಕೆ ಸರಿಸಲು ಬರುತ್ತದೆ.

ಹಸಿರುದೀಪ · ಬುಧವಾರ, ಬೆಳಿಗ್ಗೆ 10:05

ಲಾಗ್‌ನಲ್ಲಿ ಮೂರು ಸಲವೂ ಅದೇ ದಿನಾಂಕ. ಎರಡು ವರ್ಷದ ಪ್ರಶ್ನೆ ಸರ್, ತುಂಬಾ ಉಪಕಾರವಾಯಿತು.

ಪುಟ್ಟಸರ್ವರ್ · ನಾಲ್ಕು ತಿಂಗಳ ನಂತರ, ಗುರುವಾರ, ಬೆಳಿಗ್ಗೆ 9:25

ತುರ್ತು. ದಯವಿಟ್ಟು ಯಾರಾದರೂ ನೋಡಿ.

ನಿಮ್ಮೆಲ್ಲರ ಮಾತಿನಂತೆ ಮಾಡಿದ್ದೆ: 8 ಡಿಸ್ಕ್ ರೇಡ್ 6, 40 ಟಿಬಿ ಲಾಜಿಕಲ್ ಡ್ರೈವ್, ಸ್ಲಾಟ್ 8ರಲ್ಲಿ ಹಾಟ್ ಸ್ಪೇರ್. ರಾತ್ರಿ ಸ್ಲಾಟ್ 3 ಹೋಯಿತು, ಸ್ಪೇರ್ ತಾನಾಗಿ ರೀಬಿಲ್ಡ್ ಶುರು ಮಾಡಿದೆ. ಇಂದು ನಾನು ಬರುವ ಮೊದಲೇ ಸಹೋದ್ಯೋಗಿ ಅಲಾರಂ ಕೇಳಿ, ಸಂದೇಶದಲ್ಲಿ 3 ಅಂತ ನೋಡಿ, ಎಡದಿಂದ ಮೂರನೇ ಡಿಸ್ಕ್ ಎಳೆದಿದ್ದಾರೆ. ಸ್ಲಾಟ್ ಸಂಖ್ಯೆ 0ಯಿಂದ ಶುರು. ಅವರು ಎಳೆದದ್ದು ಸ್ಲಾಟ್ 2, ಚೆನ್ನಾಗಿದ್ದ ಡಿಸ್ಕ್.

ಲಾಜಿಕಲ್ ಡ್ರೈವ್ ಇನ್ನೂ ನಡೆಯುತ್ತಿದೆ, ಡಿಗ್ರೇಡೆಡ್ ಅಂತ ತೋರಿಸುತ್ತಿದೆ. ರೀಬಿಲ್ಡ್ 31%. ಎಳೆದ ಡಿಸ್ಕನ್ನು ವಾಪಸ್ ಹಾಕಿದ್ದಾರೆ, ಅದು ಫಾರಿನ್ (ಈ ಗುಂಪಿನದಲ್ಲದ ಡಿಸ್ಕ್) ಅಂತ ಬರುತ್ತಿದೆ. ಇಂಪೋರ್ಟ್, ಕ್ಲಿಯರ್ ಎರಡೂ ಆಯ್ಕೆ ಇವೆ. ಆನ್‌ಲೈನ್ ಮಾಡು ಅಂತಲೂ ಇದೆ. ಕೈ ನಡುಗುತ್ತಿದೆ, ಏನೂ ಒತ್ತಿಲ್ಲ.

ರಾತ್ರಿಪಾಳಿ · ಗುರುವಾರ, ಬೆಳಿಗ್ಗೆ 9:31

ಒತ್ತಬೇಡಿ. ಸರ್ವರ್ ರೀಬೂಟ್ ಮಾಡಬೇಡಿ. ಯಾವ ಡಿಸ್ಕನ್ನೂ ಅಲುಗಿಸಬೇಡಿ. ಡೇಟಾ ಈಗ ಸರಿಯಾಗಿಯೇ ಇದೆ. ನಿನ್ನೆ ರಾತ್ರಿಯ ಬ್ಯಾಕಪ್ ಮುಗಿದಿದೆಯೇ? ಅದು ಮೊದಲು ನೋಡಿ ಹೇಳಿ.

ಪುಟ್ಟಸರ್ವರ್ · ಗುರುವಾರ, ಬೆಳಿಗ್ಗೆ 9:38

ಮುಗಿದಿದೆ. ರಾತ್ರಿ 2:10ಕ್ಕೆ. ಅಲ್ಲಿಂದ ನಾಲ್ಕು ಫೈಲ್ ತೆರೆದು ನೋಡಿದೆ, ಸರಿ ಇವೆ.

ರಾತ್ರಿಪಾಳಿ · ಗುರುವಾರ, ಬೆಳಿಗ್ಗೆ 9:52

ಒಳ್ಳೆಯದು, ಉಸಿರು ಬಿಡಿ.

ಸ್ಲಾಟ್ 2ರ ಡಿಸ್ಕ್ ಹೊರಗಿದ್ದ ಆ ಕೆಲವು ನಿಮಿಷಗಳಲ್ಲಿ ಲಾಜಿಕಲ್ ಡ್ರೈವ್‌ಗೆ ಜನ ಬರೆದಿದ್ದಾರೆ. ಆ ಬರವಣಿಗೆ ಆ ಡಿಸ್ಕಿನಲ್ಲಿ ಇಲ್ಲ, ಅದರಲ್ಲಿರುವುದು ಹಳೆಯ ಚಿತ್ರ. ಬಲವಂತವಾಗಿ ಆನ್‌ಲೈನ್ ಮಾಡಿದರೆ ಕಾರ್ಡ್ ಆ ಹಳೆಯದನ್ನೇ ನಿಜ ಅಂತ ಓದುತ್ತದೆ, ಕೆಲವು ಫೈಲುಗಳು ಸದ್ದಿಲ್ಲದೆ ಕೆಡುತ್ತವೆ. ಹಾಗಾಗಿ ಅದು ಬೇಡ. ಆ ಒಂದು ಡಿಸ್ಕಿನ ಫಾರಿನ್ ಗುರುತನ್ನು ಕ್ಲಿಯರ್ ಮಾಡಿ, ಪಟ್ಟಿಯಲ್ಲಿ ಸ್ಲಾಟ್ 2 ಒಂದೇ ಇದೆ ಅಂತ ಎರಡು ಸಲ ನೋಡಿಕೊಳ್ಳಿ. ಆಮೇಲೆ ಅದನ್ನು ಹೊಸ ಡಿಸ್ಕಿನಂತೆ ರೀಬಿಲ್ಡ್‌ಗೆ ಕೊಡಿ. ಸ್ಲಾಟ್ 8ರದು ಮುಗಿದ ಮೇಲೆ ಇದರ ಸರದಿ ಬಂದರೂ ಬರಲಿ.

ಸ್ಲಾಟ್ 8 ಮುಗಿಯುವವರೆಗೆ ನಿಮ್ಮಲ್ಲಿ ಒಂದು ಪ್ಯಾರಿಟಿಯೂ ಉಳಿದಿಲ್ಲ. ರೀಬಿಲ್ಡ್ ರೇಟ್ 30ರಿಂದ 60ಕ್ಕೆ ಏರಿಸಿ, ಭಾರಿ ಕೆಲಸಗಳನ್ನು ಇಂದು ನಿಲ್ಲಿಸಲು ಹೇಳಿ.

ಇದನ್ನು ಓದುವ ಬೇರೆಯವರಿಗೆ: ರೇಡ್ 5ರಲ್ಲಿ ಹೀಗೆ ತಪ್ಪು ಡಿಸ್ಕ್ ಎಳೆದರೆ ಕಥೆ ಬೇರೆ. ಅಲ್ಲಿ ಎರಡನೆಯದು ಹೋದ ಕ್ಷಣವೇ ಲಾಜಿಕಲ್ ಡ್ರೈವ್ ನಿಲ್ಲುತ್ತದೆ, ಆಮೇಲೆ ಯಾರೂ ಬರೆಯಲು ಆಗುವುದಿಲ್ಲ. ಹಾಗಾಗಿ ಕೊನೆಗೆ ಹೊರಬಂದ ಡಿಸ್ಕಿನಲ್ಲಿ ಇರುವುದು ಬಹುತೇಕ ಇತ್ತೀಚಿನ ಚಿತ್ರ. ವಾಪಸ್ ತರಬೇಕಾದದ್ದು ಅದನ್ನು. ಮೊದಲು ಕೆಟ್ಟ ಡಿಸ್ಕನ್ನು ಎಂದೂ ಆನ್‌ಲೈನ್ ಮಾಡಬಾರದು.

ತೆರೆದಕಿಟಕಿ · ಗುರುವಾರ, ಬೆಳಿಗ್ಗೆ 10:20

ಮತ್ತು ಯಾವ ಸ್ಥಿತಿಯಲ್ಲೂ ಇನಿಶಿಯಲೈಸ್ ಒತ್ತಬೇಡಿ. ಒಮ್ಮೆ ಕಾರ್ಡ್ ಬದಲಿಸಿದಾಗ ನನ್ನ ಸಂರಚನೆ ಪೂರ್ತಿ ಕಾಣೆಯಾಗಿತ್ತು. ಡಿಸ್ಕುಗಳ ಕ್ರಮ, ಸ್ಟ್ರೈಪ್ ಸೈಜ್, ರೇಡ್ ಮಟ್ಟ ಎಲ್ಲ ಬರೆದಿಟ್ಟಿದ್ದೆ. ಮೊದಲು ಪ್ರತಿ ಡಿಸ್ಕಿನ ಪೂರ್ತಿ ನಕಲು ತೆಗೆದೆ, ಅದಕ್ಕೇ ನಾಲ್ಕು ದಿನ. ಆಮೇಲೆ ಅದೇ ಕ್ರಮದಲ್ಲಿ ಲಾಜಿಕಲ್ ಡ್ರೈವ್ ಮತ್ತೆ ಮಾಡಿ, ಇನಿಶಿಯಲೈಸ್ ಬೇಡ ಅಂತ ಆರಿಸಿದೆ. ಫೈಲ್‌ಸಿಸ್ಟಮ್ ಇದ್ದ ಹಾಗೇ ಎದ್ದು ಬಂತು. ಬೇಡ ಅಂತ ಆರಿಸುವುದನ್ನು ಮರೆತಿದ್ದರೆ ನಕಲುಗಳಷ್ಟೇ ಗತಿ.

ಕೋಷ್ಟಕ · ಗುರುವಾರ, ಬೆಳಿಗ್ಗೆ 11:00

ಪುಟ್ಟಸರ್ವರ್, ನಿಮ್ಮ ಸಹೋದ್ಯೋಗಿಯನ್ನು ಗದರಬೇಡಿ. ಪೆಟ್ಟಿಗೆಯ ಮೇಲೆ ಸಂಖ್ಯೆಯೇ ಇಲ್ಲದಿದ್ದರೆ ಯಾರಾದರೂ ಒಂದರಿಂದಲೇ ಎಣಿಸುತ್ತಾರೆ. ಕಾರ್ಡಿನ ತಂತ್ರಾಂಶದಲ್ಲಿ ಡಿಸ್ಕನ್ನು ತೋರಿಸು ಅನ್ನುವ ಆಯ್ಕೆ ಇರುತ್ತದೆ, ಒತ್ತಿದರೆ ಆ ಬೇಯ ದೀಪ ಮಿನುಗುತ್ತದೆ. ದೀಪ ನೋಡಿ, ಆಮೇಲೆ ಸೀರಿಯಲ್ ಸಂಖ್ಯೆ ತಾಳೆ ಹಾಕಿ, ಆಮೇಲೆ ಕೈ ಹಾಕುವುದು.

ಪುಟ್ಟಸರ್ವರ್ · ಶುಕ್ರವಾರ, ಬೆಳಿಗ್ಗೆ 7:10

ಸ್ಲಾಟ್ 8ರ ರೀಬಿಲ್ಡ್ ನಸುಕಿನಲ್ಲಿ ಮುಗಿಯಿತು, ಒಟ್ಟು 27 ಗಂಟೆ. ಸ್ಲಾಟ್ 2 ಶುರುವಾಗಿದೆ. ರಾತ್ರಿ ಇಲ್ಲೇ ಇದ್ದೆ. ಸಹೋದ್ಯೋಗಿಯೂ ಮನೆಗೆ ಹೋಗಲಿಲ್ಲ.

ಪುಟ್ಟಸರ್ವರ್ · ಶುಕ್ರವಾರ, ರಾತ್ರಿ 8:45

61%ಕ್ಕೆ ಬಂದಾಗ ಲಾಗ್‌ನಲ್ಲಿ ಹೊಸ ಸಾಲು. ಸ್ಲಾಟ್ 6ರಲ್ಲಿ ಮೀಡಿಯಂ ಎರರ್, ಎರಡು ಕಡೆ. ಕೆಳಗೆ ಸರಿಪಡಿಸಲಾಯಿತು ಅಂತ ಇದೆ. ರೀಬಿಲ್ಡ್ ನಿಂತಿಲ್ಲ. ಇದರ ಅರ್ಥವೇನು?

ರಾತ್ರಿಪಾಳಿ · ಶುಕ್ರವಾರ, ರಾತ್ರಿ 9:00

ನಾಲ್ಕು ತಿಂಗಳ ಹಿಂದೆ ಹೇಳಿದ ಓದಲಾಗದ ಸೆಕ್ಟರ್ ಇದೇ. ಆ ಪಟ್ಟಿಯಲ್ಲಿ ಸ್ಲಾಟ್ 2ರ ತುಂಡು ಇನ್ನೂ ಬಂದಿರಲಿಲ್ಲ, ಸ್ಲಾಟ್ 6ರ ತುಂಡು ಓದಲಾಗಲಿಲ್ಲ, ಎರಡು ಇಲ್ಲವಾದವು. ಎರಡನೇ ಪ್ಯಾರಿಟಿ ಇದ್ದದ್ದರಿಂದ ಎರಡನ್ನೂ ಲೆಕ್ಕ ಹಾಕಿ ತೆಗೆದು ವಾಪಸ್ ಬರೆಯಿತು. ರೇಡ್ 5 ಆಗಿದ್ದರೆ ಆ ಎರಡು ಜಾಗ ಶಾಶ್ವತವಾಗಿ ತೂತು.

ಒಂದು ಕೇಳಬೇಕು. ಪೆಟ್ರೋಲ್ ರೀಡ್ ನಡೆಯುತ್ತಿತ್ತೇ? ಅದು ಬಿಡುವಿನ ಹೊತ್ತಿನಲ್ಲಿ ಎಲ್ಲ ಡಿಸ್ಕುಗಳ ಮೇಲೆ ಓಡಾಡಿ ಇಂಥ ಸೆಕ್ಟರ್‌ಗಳನ್ನು ಮೊದಲೇ ಹುಡುಕಿ ಸರಿಪಡಿಸುವ ಕೆಲಸ. ಹಲವು ಕಾರ್ಡ್‌ಗಳಲ್ಲಿ ವಾರಕ್ಕೊಮ್ಮೆ, 168 ಗಂಟೆ ಅಂತ ಇರುತ್ತದೆ.

ಪುಟ್ಟಸರ್ವರ್ · ಶುಕ್ರವಾರ, ರಾತ್ರಿ 9:20

ಈಗ ನೋಡಿದೆ. ಮ್ಯಾನ್ಯುವಲ್ ಅಂತ ಇದೆ. ಅಂದರೆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ನಡೆದಿಲ್ಲ.

ರಾತ್ರಿಪಾಳಿ · ಶುಕ್ರವಾರ, ರಾತ್ರಿ 9:28

ರೀಬಿಲ್ಡ್ ಮುಗಿದ ಮೇಲೆ ಆಟೋ ಮಾಡಿ. ತಿಂಗಳಿಗೊಮ್ಮೆ ಕನ್ಸಿಸ್ಟೆನ್ಸಿ ಚೆಕ್ ಕೂಡ ಹಾಕಿ. ಎರಡೂ ಬೇರೆ ಬೇರೆ: ಒಂದು ಡಿಸ್ಕ್ ಓದಲಾಗುತ್ತದೆಯೇ ಅಂತ ನೋಡುತ್ತದೆ, ಇನ್ನೊಂದು ಡೇಟಾಗೂ ಪ್ಯಾರಿಟಿಗೂ ತಾಳೆ ಇದೆಯೇ ಅಂತ. ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ರೇಡ್ ಹಾಕಿದವರಿಗೆ ಇಂಥ ಪರೀಕ್ಷೆ ಪ್ರತಿ ತಿಂಗಳ ಮೊದಲ ಭಾನುವಾರ ತಾನಾಗಿ ಬರುವಂತೆ ಇಟ್ಟಿದ್ದಾರೆ, ಕಾರ್ಡಿನವರು ನಾವೇ ನೋಡಿಕೊಳ್ಳಬೇಕು.

ಪುಟ್ಟಸರ್ವರ್ · ಮುಂದಿನ ಬುಧವಾರ, ಬೆಳಿಗ್ಗೆ 11:30

ಸ್ಲಾಟ್ 2 ಶನಿವಾರ ಬೆಳಿಗ್ಗೆ ಮುಗಿದು ಲಾಜಿಕಲ್ ಡ್ರೈವ್ ಆಪ್ಟಿಮಲ್ ಆಯಿತು. ಕನ್ಸಿಸ್ಟೆನ್ಸಿ ಚೆಕ್ ನಿನ್ನೆ ಮುಗಿಯಿತು, ಹೊಂದದ ಪಟ್ಟಿ 0. ಬ್ಯಾಕಪ್‌ನಲ್ಲಿರುವ ಪ್ರತಿಗಳ ಜೊತೆ ಚೆಕ್‌ಸಮ್ ಹೋಲಿಸಿದೆ, ಒಂದು ಫೈಲೂ ಕೆಟ್ಟಿಲ್ಲ.

ಸ್ಲಾಟ್ 3ಕ್ಕೆ ಹೊಸ ಡಿಸ್ಕ್ ಬಂದಿದೆ. ಸ್ಲಾಟ್ 6ರಲ್ಲಿ ಮೀಡಿಯಂ ಎರರ್ 2 ಇದ್ದದ್ದು ಈಗ 9. ಅದನ್ನು ಎಳೆದು ಹೊಸದನ್ನು ಹಾಕಲೇ?

ನೂಲೆಳೆ · ಬುಧವಾರ, ಮಧ್ಯಾಹ್ನ 12:10

ಎಳೆಯಬೇಡಿ, ಇನ್ನೂ ಓದಲು ಬರುತ್ತಿರುವ ಡಿಸ್ಕ್ ಅದು. ಹೊಸದನ್ನು ಸ್ಲಾಟ್ 3ರಲ್ಲಿ ಹಾಕಿ, ಕಾರ್ಡಿನಲ್ಲಿ ಕಾಪಿಬ್ಯಾಕ್ ಅಥವಾ ರಿಪ್ಲೇಸ್ ಮೆಂಬರ್ ಅಂತ ಇರುತ್ತದೆ, 6ರಿಂದ 3ಕ್ಕೆ ನಕಲು ಮಾಡಲು ಹೇಳಿ. ನಕಲು ಮುಗಿಯುವವರೆಗೆ ಹಳೆಯದೂ ಗುಂಪಿನಲ್ಲೇ ಇರುತ್ತದೆ, ಎರಡು ಪ್ಯಾರಿಟಿಯೂ ಹಾಗೇ ಉಳಿಯುತ್ತವೆ. ಮುಗಿದ ಮೇಲೆ 6 ಹೊರಗೆ.

ಪುಟ್ಟಸರ್ವರ್ · ಗುರುವಾರ, ಬೆಳಿಗ್ಗೆ 8:40

ಕಾಪಿಬ್ಯಾಕ್ 16 ಗಂಟೆಯಲ್ಲಿ ಮುಗಿಯಿತು. ಸ್ಲಾಟ್ 6ರ ದೀಪ ಮಿನುಗಿಸಿ, ಸೀರಿಯಲ್ ಸಂಖ್ಯೆಯನ್ನು ಸಹೋದ್ಯೋಗಿ ಜೋರಾಗಿ ಓದಿದರು, ನಾನು ತೆರೆಯ ಮೇಲೆ ತಾಳೆ ಹಾಕಿದೆ, ಆಮೇಲೆ ಅವರೇ ಎಳೆದರು. ಪ್ರತಿ ಬೇಯ ಕೆಳಗೆ 0ಯಿಂದ 11ರವರೆಗೆ ಬಿಳಿ ಚೀಟಿ ಅಂಟಿಸಿದ್ದೇವೆ. ಸ್ಲಾಟ್ 6ಕ್ಕೆ ಮುಂದಿನ ವಾರ ಬರುವ ಡಿಸ್ಕ್ ಹೊಸ ಸ್ಪೇರ್.